ಅಮೆರಿಕದ ವಿಸಿಟರ್ ವೀಸಾ: ಫೈಲು ದಪ್ಪವಿದ್ದರೆ ಸಾಲದು, ಫಾರ್ಮು ಸರಿಯಿರಬೇಕು

ಮಕ್ಕಳನ್ನು ನೋಡಲು, ಪ್ರವಾಸಕ್ಕೆ ಅಥವಾ ವ್ಯಾಪಾರದ ಮಾತುಕತೆಗೆ ಅಮೆರಿಕಕ್ಕೆ ಹೋಗುವವರಿಗೆ ಬೇಕಾಗುವ ಬಿ1/ಬಿ2 ವೀಸಾ (ಬಿ1 ವ್ಯಾಪಾರದ ಕೆಲಸಕ್ಕೆ, ಬಿ2 ಪ್ರವಾಸ ಮತ್ತು ಕುಟುಂಬದ ಭೇಟಿಗೆ) ಕುರಿತು ಓದುಗರು ಕಳಿಸಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಮಗಳಿಗೆ ಹೆರಿಗೆ ಸಮಯ, ನಾನೂ ನಮ್ಮ ಮನೆಯವರೂ ಹೋಗಬೇಕು. ನಮ್ಮದು ತೆಂಗು, ಅಡಿಕೆ ತೋಟ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಯಾವತ್ತೂ ಹಾಕಿಲ್ಲ. ಬ್ಯಾಂಕಿನಲ್ಲಿ ಇಷ್ಟು ಲಕ್ಷ ಇರಲೇಬೇಕು, ಇಲ್ಲದಿದ್ದರೆ ಕೈಸಾಲ ತಂದಾದರೂ ಖಾತೆಗೆ ಹಾಕಿ ಅಂತ ಏಜೆಂಟರು ಹೇಳುತ್ತಿದ್ದಾರೆ. ಅಳಿಯಂದಿರಿಂದ ಅಫಿಡವಿಟ್ ತರಿಸಬೇಕೇ?
— ರೈತ, ತಿಪಟೂರು

ಉತ್ತರ: ಮೊದಲು ಆ ಸಾಲದ ಯೋಚನೆ ಬಿಡಿ. ಬಿ1/ಬಿ2 ವೀಸಾಕ್ಕೆ ಖಾತೆಯಲ್ಲಿ ಕನಿಷ್ಠ ಇಷ್ಟು ಹಣ ಇರಬೇಕೆಂಬ ನಿಯಮವೇ ಇಲ್ಲ. ನಿನ್ನೆ ಮೊನ್ನೆ ಬಂದು ಬಿದ್ದ ದೊಡ್ಡ ಮೊತ್ತದಿಂದ ಅನುಮಾನ ಹುಟ್ಟುತ್ತದೆಯೇ ಹೊರತು ನಂಬಿಕೆಯಲ್ಲ. ಅಫಿಡವಿಟ್ ಆಗಲಿ, ಆಹ್ವಾನ ಪತ್ರವಾಗಲಿ ಕಡ್ಡಾಯವಲ್ಲ ಎಂದು ಅಮೆರಿಕದ ವಿದೇಶಾಂಗ ಇಲಾಖೆಯೇ ಸ್ಪಷ್ಟವಾಗಿ ಹೇಳಿದೆ. ತರಿಸಿಕೊಂಡರೆ ತಪ್ಪಿಲ್ಲ. ಆದರೆ ಅದೇ ವೀಸಾ ಕೊಡಿಸುತ್ತದೆ ಎಂದು ನಂಬಬೇಡಿ.

ನಿಮ್ಮ ಕೆಲಸದ ಬಹುಪಾಲು ಡಿಎಸ್-160 ಎಂಬ ಆನ್‌ಲೈನ್ ಫಾರ್ಮಿನಲ್ಲೇ ಮುಗಿಯುತ್ತದೆ. ಸಂದರ್ಶನದ ದಿನ ಕೌಂಟರಿನಲ್ಲಿರುವ ಅಧಿಕಾರಿ ನಿಮ್ಮೊಡನೆ ಮಾತಾಡುವುದು ಎರಡು ಮೂರು ನಿಮಿಷ. ಆ ಹೊತ್ತಿನಲ್ಲಿ ಅವರ ಕಣ್ಣು ಕಂಪ್ಯೂಟರಿನಲ್ಲಿ ತೆರೆದಿರುವ ನಿಮ್ಮ ಫಾರ್ಮಿನ ಮೇಲಿರುತ್ತದೆ, ನೀವು ಹೊತ್ತು ತಂದ ಫೈಲಿನ ಮೇಲಲ್ಲ. ಹಾಗಾಗಿ ಒಂದೊಂದು ಕಾಲಂ ಕೂಡ ಮುಖ್ಯ.

ಉದ್ಯೋಗದ ಪಟ್ಟಿಯಲ್ಲಿ ‘ಅಗ್ರಿಕಲ್ಚರ್’ ಎಂಬ ಆಯ್ಕೆ ಇದೆ, ಅದನ್ನೇ ಆರಿಸಿ. ಎಷ್ಟೋ ಮಕ್ಕಳು ಅಪ್ಪನ ಹೆಸರಿನ ಮುಂದೆ ‘ಬಿಸಿನೆಸ್’ ಎಂದು ಹಾಕಿಬಿಡುತ್ತಾರೆ. ಸಂದರ್ಶನದಲ್ಲಿ ಅಪ್ಪ ‘ತೋಟ ನೋಡ್ಕೋತೀನಿ’ ಎಂದಾಗ ಎರಡೂ ತಾಳೆಯಾಗುವುದಿಲ್ಲ. ನಿಮ್ಮವರು ಮನೆ ನೋಡಿಕೊಳ್ಳುವವರಾದರೆ ‘ಹೋಮ್‌ಮೇಕರ್’. ಫಾರ್ಮು ತಿಂಗಳ ಆದಾಯ ಕೇಳುತ್ತದೆ. ತೋಟದ ವರ್ಷದ ಉತ್ಪತ್ತಿಯಲ್ಲಿ ಖರ್ಚು ಕಳೆದು ಉಳಿದದ್ದನ್ನು 12ರಿಂದ ಭಾಗಿಸಿ, ರೂಪಾಯಿಯಲ್ಲಿ ಬರೆಯಿರಿ. ಆ ಅಂಕಿ ನಿಮ್ಮಿಬ್ಬರ ಬಾಯಲ್ಲೂ ಇರಲಿ. ಖರ್ಚು ಯಾರದು ಎಂಬಲ್ಲಿ ಅಳಿಯನೇ ನೋಡಿಕೊಳ್ಳುವುದಾದರೆ ‘ಬೇರೆ ವ್ಯಕ್ತಿ’ ಎಂದು ಆರಿಸಿ ಅವರ ವಿವರ ಕೊಡಿ. ಇದರಲ್ಲಿ ಸಂಕೋಚವೇನೂ ಬೇಡ.

ಟಿಕೆಟ್ ಮುಂಚೆ ತೆಗೆಯಬೇಡಿ. ಪ್ರಯಾಣ ನಿಗದಿಯಾಗಿದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಹೇಳಿ, ಅಂದಾಜು ತಾರೀಕು ಮತ್ತು ಎಷ್ಟು ದಿನ ಇರುತ್ತೀರಿ ಎಂದಷ್ಟೇ ತುಂಬಿದರೆ ಸಾಕು. ಈ ‘ಎಷ್ಟು ದಿನ’ ಎಂಬುದನ್ನು ನಿಮ್ಮ ಬದುಕಿಗೆ ಹೊಂದುವಂತೆ ಬರೆಯಿರಿ. ಕೊಯ್ಲು, ನೀರು, ಆಳು ಎಲ್ಲವನ್ನೂ ನೀವೇ ನೋಡಿಕೊಳ್ಳುವವರಾದರೆ ಆರು ತಿಂಗಳು ಎಂದರೆ ‘ತೋಟ ಯಾರಿಗೆ ಬಿಟ್ಟಿರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರವಿದ್ದರೆ ಸರಿ.

ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ವಿಸಿಟರ್ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುವವರು ಎಂದೇ ಅಧಿಕಾರಿ ಮೊದಲು ಭಾವಿಸಬೇಕು. ಅಲ್ಲ ಎಂದು ಮನಗಾಣಿಸುವ ಹೊಣೆ ನಿಮ್ಮದು. ತೋಟ, ಮನೆ, ಊರಿನಲ್ಲಿರುವ ಇತರ ಮಕ್ಕಳು ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಪಹಣಿ, ಪಾಸ್‌ಬುಕ್, ಅಳಿಯನ ವೀಸಾ ಮತ್ತು ಕೆಲಸದ ಪತ್ರದ ನಕಲು ಒಂದು ತೆಳು ಕವರಿನಲ್ಲಿರಲಿ. ಕೇಳಿದರೆ ಮಾತ್ರ ಕೊಡಿ.

ಹೆರಿಗೆ ವಿಷಯವನ್ನು ಮುಚ್ಚಿಡಬೇಡಿ. ಮಗಳ ಬಾಣಂತನದ ಹೊತ್ತಿಗೆ ಜೊತೆಗಿರಲು, ಮೊಮ್ಮಗುವನ್ನು ನೋಡಲು ಹೋಗುವುದು ಕುಟುಂಬದ ಭೇಟಿಯೇ. ಆದರೆ ‘ಮಗಳು ಕೆಲಸಕ್ಕೆ ಹೋಗ್ತಾಳೆ, ವರ್ಷಗಟ್ಟಲೆ ಮಗು ನೋಡ್ಕೊಳ್ಳೋರು ನಾವೇ’ ಎಂಬುದೇ ನಿಮ್ಮ ಯೋಜನೆಯಾಗಿದ್ದರೆ ಅದಕ್ಕೆ ಈ ವೀಸಾ ಹೊಂದುವುದಿಲ್ಲ.

ಫಾರ್ಮಿನ ಕೊನೆಯಲ್ಲಿ ‘ತುಂಬಲು ಯಾರಾದರೂ ಸಹಾಯ ಮಾಡಿದರೇ?’ ಎಂಬ ಪ್ರಶ್ನೆ ಇದೆ. ಮಗಳೋ ಏಜೆಂಟರೋ ತುಂಬಿದ್ದರೆ ‘ಹೌದು’ ಎಂದೇ ಹಾಕಿ ಅವರ ಹೆಸರು ಕೊಡಬೇಕು. ಸಹಿಯ ಗುಂಡಿಯನ್ನು ಮಾತ್ರ ನೀವೇ ಒತ್ತಬೇಕು. ಒತ್ತುವ ಮುನ್ನ ಇಡೀ ಫಾರ್ಮನ್ನು ಕನ್ನಡದಲ್ಲಿ ಓದಿಸಿ ಕೇಳಿಸಿಕೊಳ್ಳಿ. ತನ್ನ ಫಾರ್ಮಿನಲ್ಲಿ ಏನಿದೆ ಎಂದೇ ಗೊತ್ತಿಲ್ಲದೆ ಕೌಂಟರಿಗೆ ಹೋಗುವ ಹಿರಿಯರು ಬಹಳ ಮಂದಿ.

ಪ್ರಶ್ನೆ: ತಾಯಿಯ ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್ ಜಾಗದಲ್ಲಿ ‘ಲಕ್ಷ್ಮಮ್ಮ’ ಎಂದಷ್ಟೇ ಇದೆ, ಸರ್‌ನೇಮ್ ಖಾಲಿ. ಡಿಎಸ್-160 ಸರ್‌ನೇಮ್ ಇಲ್ಲದೆ ಮುಂದಕ್ಕೆ ಬಿಡುತ್ತಿಲ್ಲ. ಆಧಾರ್‌ನಲ್ಲಿರುವ ಇನಿಷಿಯಲ್ ಹಾಕಲೇ?
— ಮೈಸೂರು

ಉತ್ತರ: ಬೇಡ. ಇಲ್ಲಿ ಪಾಸ್‌ಪೋರ್ಟೇ ಆಧಾರ. ಆಧಾರ್, ವೋಟರ್ ಐಡಿ, ಮಾರ್ಕ್ಸ್ ಕಾರ್ಡು ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಆ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಇಂಗ್ಲಿಷ್ ಅಕ್ಷರ ತುಂಬಬೇಕು. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಗುರುತು ಅದು. ಗಿವನ್ ನೇಮ್ ಸಾಲಿನಲ್ಲಿ ‘ಲಕ್ಷ್ಮಮ್ಮ ರಾಮಯ್ಯ’ ಎಂದು ಎರಡು ಪದವಿದ್ದು ಸರ್‌ನೇಮ್ ಖಾಲಿಯಿದ್ದರೂ ಇದೇ ಕ್ರಮ: ಎರಡೂ ಪದ ಒಟ್ಟಿಗೆ ಸರ್‌ನೇಮ್ ಜಾಗಕ್ಕೆ ಹೋಗುತ್ತವೆ. ಒಡೆದು ಹಂಚಬೇಡಿ.

ವೀಸಾದ ಮೇಲೂ ‘ಎಫ್‌ಎನ್‌ಯು’ ಎಂದೇ ಅಚ್ಚಾಗುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ವಿಮಾನದ ಟಿಕೆಟ್ಟಿನಲ್ಲಿ ಹೆಸರು ಹೇಗಿರಬೇಕೆಂದು ಬುಕ್ ಮಾಡುವಾಗಲೇ ಆ ಏರ್‌ಲೈನ್ಸನ್ನು ಕೇಳಿ. ಮಾತೃಭಾಷೆಯ ಲಿಪಿಯಲ್ಲಿ ಪೂರ್ತಿ ಹೆಸರು ಕೇಳುವ ಒಂದು ಕಾಲಂ ಇದೆ, ಅಲ್ಲಿ ಕನ್ನಡದಲ್ಲೇ ಟೈಪ್ ಮಾಡಬಹುದು. ಮದುವೆಗೆ ಮುಂಚಿನ ಹೆಸರು ಬೇರೆಯಿದ್ದರೆ ‘ಇತರ ಹೆಸರುಗಳು’ ಎಂಬಲ್ಲಿ ಬರೆಯಿರಿ.

ಇನ್ನೊಂದು ಮಾತು. ಸುಮಾರು ಇಪ್ಪತ್ತು ನಿಮಿಷ ಕೈಯಾಡಿಸದೆ ಬಿಟ್ಟರೆ ಫಾರ್ಮು ತಾನೇ ಮುಚ್ಚಿಕೊಳ್ಳುತ್ತದೆ. ಮೊದಲ ಪುಟದಲ್ಲೇ ಬರುವ ಅಪ್ಲಿಕೇಶನ್ ಐಡಿ ಬರೆದಿಟ್ಟುಕೊಳ್ಳಿ, ಪುಟಪುಟಕ್ಕೂ ಸೇವ್ ಒತ್ತಿ. ಅರ್ಧ ತುಂಬಿದ ಫಾರ್ಮು 30 ದಿನ ಉಳಿದಿರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಬಂತಲ್ಲ, ಆದರೂ ಚೆನ್ನೈಗೇ ಹೋಗಬೇಕೇ? ಹಣ ಕೊಟ್ಟರೆ ಬೇಗ ಸ್ಲಾಟ್ ಕೊಡಿಸುತ್ತೇವೆ ಎನ್ನುವವರನ್ನು ನಂಬಬಹುದೇ?
— ಬೆಂಗಳೂರು ಮತ್ತು ಹಾಸನದಿಂದ ಹಲವರು

ಉತ್ತರ: ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ಆದರೆ ವೀಸಾ ಸೇವೆ ಅದರ ಜೊತೆಗೇ ಶುರುವಾಗಲಿಲ್ಲ. ಬುಕಿಂಗ್ ಪುಟದ ಪಟ್ಟಿಯಲ್ಲಿ ಬೆಂಗಳೂರಿನ ಹೆಸರು ಕಾಣದಿದ್ದರೆ ದೆಹಲಿ, ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾ ಈ ಐದರಲ್ಲಿ ಒಂದನ್ನು ಆರಿಸಬೇಕು. ಕರ್ನಾಟಕದವರು ಚೆನ್ನೈಗೇ ಹೋಗಬೇಕೆಂದಿಲ್ಲ. ಬೀದರ್, ಕಲಬುರಗಿಯವರಿಗೆ ಹೈದರಾಬಾದ್ ಹತ್ತಿರ, ಬೆಳಗಾವಿಯವರಿಗೆ ಮುಂಬೈ.

ಎರಡು ಭೇಟಿ ಇರುತ್ತವೆ ಎಂಬುದನ್ನು ಹಲವರು ಮರೆಯುತ್ತಾರೆ. ಮೊದಲನೆಯದು ವೀಸಾ ಅರ್ಜಿ ಕೇಂದ್ರದಲ್ಲಿ, ಫೋಟೊ ಮತ್ತು ಹತ್ತು ಬೆರಳ ಗುರುತಿಗೆ. ಎರಡನೆಯದು ಬೇರೊಂದು ದಿನ ಕಾನ್ಸುಲೇಟಿನಲ್ಲಿ, ಸಂದರ್ಶನಕ್ಕೆ. ಎರಡನ್ನೂ ಹಿಂದೆ ಮುಂದೆ ಬರುವ ದಿನಗಳಲ್ಲಿ ಹೊಂದಿಸಿಕೊಂಡರೆ ಒಂದೇ ಪ್ರಯಾಣದಲ್ಲಿ ಮುಗಿಯುತ್ತದೆ. ಬೆರಳ ತುದಿಯಲ್ಲಿ ಗಾಯ ಇದ್ದರೆ ಮಾಯುವವರೆಗೆ ಕಾದು ಹೋಗಿ. ಎರಡೂ ಕಡೆ ಪಾಸ್‌ಪೋರ್ಟ್, ಅಪಾಯಿಂಟ್‌ಮೆಂಟ್ ಪತ್ರ ಮತ್ತು ಬಾರ್‌ಕೋಡ್ ಇರುವ ಡಿಎಸ್-160 ಕನ್ಫರ್ಮೇಷನ್ ಹಾಳೆ ಬೇಕು.

ಅರ್ಜಿ ಶುಲ್ಕ ತಲೆಗೆ 185 ಡಾಲರ್, ಕೈಗೂಸಿಗೂ ಅಷ್ಟೇ. ಅವರು ನಿಗದಿ ಮಾಡಿದ ವಿನಿಮಯ ದರದಲ್ಲಿ ರೂಪಾಯಿಯಲ್ಲಿ ಕಟ್ಟಬೇಕು. ವೀಸಾ ಸಿಗದಿದ್ದರೆ ವಾಪಸಿಲ್ಲ. ಕಟ್ಟಿದ ದಿನದಿಂದ 365 ದಿನದೊಳಗೆ ಅಪಾಯಿಂಟ್‌ಮೆಂಟ್ ಗೊತ್ತುಮಾಡಿಕೊಳ್ಳದಿದ್ದರೆ ಆ ಹಣ ಹೋಯಿತೆಂದೇ ಲೆಕ್ಕ. ಇದಲ್ಲದೆ ವೀಸಾ ಮಂಜೂರಾದವರಿಂದ 250 ಡಾಲರ್ ‘ವೀಸಾ ಇಂಟೆಗ್ರಿಟಿ ಫೀ’ ಪಡೆಯಲು 2025ರ ಜುಲೈನ ಕಾನೂನು ಅವಕಾಶ ಕೊಟ್ಟಿದೆ. ಹಣ ಕಟ್ಟುವ ದಿನ ಅಧಿಕೃತ ಪುಟದಲ್ಲಿ ಅದನ್ನೂ ನೋಡಿಕೊಳ್ಳಿ.

2025ರ ಜನವರಿಯಿಂದ ಭಾರತದಲ್ಲಿ ದಿನಾಂಕವನ್ನು ಒಂದು ಸಲ ಮಾತ್ರ ಉಚಿತವಾಗಿ ಬದಲಾಯಿಸಬಹುದು. ಎರಡನೇ ಸಲಕ್ಕೆ, ಅಥವಾ ಹೋಗದೆ ತಪ್ಪಿಸಿಕೊಂಡರೆ, ಮತ್ತೆ ಪೂರ್ತಿ ಶುಲ್ಕ. ಹಾಗಾಗಿ ದೂರದ ದಿನಾಂಕವನ್ನು ಸುಮ್ಮನೆ ಹಿಡಿದಿಟ್ಟುಕೊಂಡು ಆಮೇಲೆ ಮತ್ತೆ ಮತ್ತೆ ಹಿಂದಕ್ಕೆ ಎಳೆಯುವ ಹಳೇ ತಂತ್ರ ಈಗ ನಡೆಯದು. ಇರುವ ಒಂದು ಅವಕಾಶವನ್ನು ನೋಡಿ ಬಳಸಿ. ಮನೆಯವರೆಲ್ಲ ಒಟ್ಟಿಗೆ ಹೋಗುವುದಾದರೆ ಒಂದೇ ಗುಂಪಾಗಿ ಬುಕ್ ಮಾಡಿ.

ಸ್ಲಾಟ್ ಮಾರುವವರ ಬಗ್ಗೆ: ಬಾಟ್ (ತಾನಾಗಿಯೇ ಬುಕ್ ಮಾಡುವ) ತಂತ್ರಾಂಶ ಬಳಸಿ ಪಡೆದಿದ್ದ ಸುಮಾರು 2000 ಅಪಾಯಿಂಟ್‌ಮೆಂಟುಗಳನ್ನು ಅಮೆರಿಕದ ರಾಯಭಾರ ಕಚೇರಿ 2025ರ ಮಾರ್ಚ್‌ನಲ್ಲಿ ರದ್ದು ಮಾಡಿ, ಆ ಖಾತೆಗಳಿಂದ ಬುಕ್ ಮಾಡುವ ಅವಕಾಶವನ್ನೂ ತಡೆಹಿಡಿಯಿತು. ನಿಮ್ಮ ಲಾಗಿನ್, ಪಾಸ್‌ವರ್ಡ್ ಬೇರೆಯವರ ಕೈಗೆ ಕೊಟ್ಟರೆ ಪೆಟ್ಟು ಬೀಳುವುದು ನಿಮ್ಮ ಖಾತೆಗೇ. ನೀವೇ ಕೂತು ಪದೇ ಪದೇ ರಿಫ್ರೆಶ್ ಒತ್ತುತ್ತಿದ್ದರೂ ಖಾತೆ ತಾತ್ಕಾಲಿಕವಾಗಿ ಲಾಕ್ ಆಗುತ್ತದೆ. ದಿನಕ್ಕೆ ಒಂದೆರಡು ಸಲ ನೋಡಿದರೆ ಸಾಕು. ಸಾವು, ತುರ್ತು ಚಿಕಿತ್ಸೆಯಂಥ ಕಾರಣವಿದ್ದರೆ ಶುಲ್ಕ ಕಟ್ಟಿ, ಸಿಕ್ಕಿದ ದಿನಾಂಕವನ್ನು ಬುಕ್ ಮಾಡಿ, ಆಮೇಲೆ ಅದೇ ಖಾತೆಯಿಂದ ತುರ್ತು ಅಪಾಯಿಂಟ್‌ಮೆಂಟ್ ಕೋರಬಹುದು.

ಇಲ್ಲಿ ತಡವಾಗುತ್ತದೆಂದು ಬೇರೆ ದೇಶಕ್ಕೆ ಹಾರಿ ಅಲ್ಲಿ ಸಂದರ್ಶನ ಕೊಡುವ ದಾರಿಯೂ ಈಗ ಹೆಚ್ಚುಕಮ್ಮಿ ಮುಚ್ಚಿದೆ. 2025ರ ಸೆಪ್ಟೆಂಬರ್‌ನಿಂದ ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲಿ ಅರ್ಜಿ ಹಾಕಬೇಕು ಎಂಬ ನಿಯಮ ಬಂದಿದೆ.

ಪ್ರಶ್ನೆ: ನನ್ನ ಮಾವನವರಿಗೆ ಎರಡೇ ಪ್ರಶ್ನೆ ಕೇಳಿ, ಫೈಲನ್ನು ಮುಟ್ಟದೇ ವೀಸಾ ಇಲ್ಲ ಎಂದರು. ಚೀಟಿಯಲ್ಲಿ 214(ಬಿ) ಎಂದಿದೆ. ಅಪೀಲು ಹಾಕಬಹುದೇ? ಮುಂದಿನ ಸಲ ಹಳೆಯದನ್ನು ಹೇಳದಿದ್ದರೆ ಗೊತ್ತಾಗುತ್ತದೆಯೇ?
— ಗೃಹಿಣಿ, ದಾವಣಗೆರೆ

ಉತ್ತರ: ಗೊತ್ತಾಗುತ್ತದೆ. ಹಿಂದಿನ ಅರ್ಜಿ, ಬೆರಳ ಗುರುತು, ಅಧಿಕಾರಿ ಬರೆದ ಟಿಪ್ಪಣಿ ಎಲ್ಲವೂ ಅವರ ಮುಂದಿರುತ್ತವೆ. ‘ಹಿಂದೆ ಅಮೆರಿಕದ ವೀಸಾ ನಿರಾಕರಣೆ ಆಗಿದೆಯೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದರೆ ಅದು ಸುಳ್ಳು ಮಾಹಿತಿಯಾಗುತ್ತದೆ. ನಕಲಿ ದಾಖಲೆ, ಸುಳ್ಳು ಮಾಹಿತಿ ಸಾಬೀತಾದರೆ ಜೀವಮಾನವಿಡೀ ಅಮೆರಿಕದ ಬಾಗಿಲು ಮುಚ್ಚಬಹುದು. 214(ಬಿ) ನಿರಾಕರಣೆ ಅಷ್ಟು ದೊಡ್ಡ ಕಳಂಕವಲ್ಲ.

ಅಪೀಲಿಗೆ ಅವಕಾಶವಿಲ್ಲ. ಮತ್ತೆ ಅರ್ಜಿ ಹಾಕಲು ಇಷ್ಟು ತಿಂಗಳು ಕಾಯಬೇಕೆಂಬ ನಿಯಮವೂ ಇಲ್ಲ. ಹೊಸ ಡಿಎಸ್-160, ಹೊಸ ಶುಲ್ಕ, ಹೊಸ ಸಂದರ್ಶನ. ಆದರೆ ಏನೂ ಬದಲಾಗದೆ ಮರುತಿಂಗಳೇ ಹೋದರೆ ಸಾಮಾನ್ಯವಾಗಿ ಅದೇ ಉತ್ತರ ಸಿಗುತ್ತದೆ. ಮೊದಲು ಸಲ್ಲಿಸಿದ ಫಾರ್ಮಿನ ಪ್ರತಿ ತೆಗೆದು ಓದಿ. ಎಡವಟ್ಟು ಹೆಚ್ಚಾಗಿ ಇರುವುದು ಇಲ್ಲಿ: ನಿವೃತ್ತರಾಗಿದ್ದರೂ ಉದ್ಯೋಗದಲ್ಲಿದ್ದಾರೆ ಎಂದು ತುಂಬಿರುವುದು, ಅಮೆರಿಕದಲ್ಲಿರುವ ಇನ್ನೊಬ್ಬ ಮಗನನ್ನು ಬಿಟ್ಟಿರುವುದು, ‘ಪ್ರವಾಸ’ ಎಂದು ಬರೆದು ಕೌಂಟರಿನಲ್ಲಿ ‘ಮಗನ ಮನೆಗೆ’ ಎಂದಿರುವುದು. ಅಲ್ಲಿನ ಪೌರನಾದ ಮಗ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡಿಗಾಗಿ ಅರ್ಜಿ ಹಾಕಿದ್ದರೆ ಆ ಪ್ರಶ್ನೆಗೂ ‘ಹೌದು’ ಎನ್ನಲೇಬೇಕು. ಅದರಿಂದ ವಿಸಿಟರ್ ವೀಸಾ ತಾನಾಗಿ ತಪ್ಪುವುದಿಲ್ಲ, ಆದರೆ ಸಿಗುವುದು ಕಷ್ಟವಾಗುತ್ತದೆ.

ಕೌಂಟರಿನಲ್ಲಿ ಕೇಳಿದ್ದಕ್ಕೆ ಮೊದಲ ವಾಕ್ಯದಲ್ಲೇ ಉತ್ತರ ಬರಬೇಕು. ‘ಯಾಕೆ ಹೋಗ್ತಿದ್ದೀರಿ?’ ಎಂದರೆ ಮಗನ ಓದು, ಕಂಪನಿ, ಬಡ್ತಿಯ ಕಥೆ ಬೇಡ. ‘ಮಗನ ಮನೆಗೆ, ಎರಡು ತಿಂಗಳಿಗೆ, ಮೊಮ್ಮಗಳ ಹುಟ್ಟುಹಬ್ಬಕ್ಕೆ’ ಅಂದರೆ ಮುಗಿಯಿತು. ಇಂಗ್ಲಿಷ್ ಬರಬೇಕೆಂಬ ನಿಯಮವಿಲ್ಲ. ಅರ್ಥವಾಗದೆ ತಲೆಯಾಡಿಸುವುದಕ್ಕಿಂತ ಕನ್ನಡದಲ್ಲಿ ಮಾತಾಡುತ್ತೇನೆ ಎಂದು ಕೇಳುವುದು ಮೇಲು. ಉತ್ತರ ಬಾಯಿಪಾಠ ಮಾಡಿಸುವ ತರಬೇತಿಗೆ ಹಣ ಸುರಿಯಬೇಡಿ. ಬಾಯಿಪಾಠದ ಉತ್ತರ ದಿನಕ್ಕೆ ಎಷ್ಟೋ ಜನರನ್ನು ನೋಡುವ ಅಧಿಕಾರಿಗೆ ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮದು ಪ್ಯಾಕಿಂಗ್ ಯಂತ್ರ ತಯಾರಿಸುವ ಸಣ್ಣ ಕಾರ್ಖಾನೆ. ಅಮೆರಿಕದ ಒಂದು ಪ್ರದರ್ಶನದಲ್ಲಿ ಸ್ಟಾಲ್ ಹಾಕಬೇಕು. ಮಾರಿದ ಯಂತ್ರವನ್ನು ಅಲ್ಲಿ ಕೂರಿಸಿಕೊಡಲು ಫಿಟ್ಟರ್ ಒಬ್ಬರನ್ನೂ ಕಳಿಸಬೇಕು. ಬಿ1 ಸಾಕೇ?
— ಉದ್ಯಮಿ, ಹುಬ್ಬಳ್ಳಿ

ಉತ್ತರ: ಎರಡಕ್ಕೂ ಸಾಕು, ಆದರೆ ಗೆರೆ ಎಲ್ಲಿದೆ ಎಂದು ತಿಳಿದಿರಬೇಕು. ಪ್ರದರ್ಶನದಲ್ಲಿ ಭಾಗವಹಿಸುವುದು, ಗ್ರಾಹಕರ ಜೊತೆ ಮಾತುಕತೆ, ಒಪ್ಪಂದ, ಹುಬ್ಬಳ್ಳಿಯಲ್ಲಿ ತಯಾರಾಗುವ ಯಂತ್ರಕ್ಕೆ ಆರ್ಡರ್ ಪಡೆಯುವುದು ಎಲ್ಲ ಬಿ1 ಒಳಗೆ ಬರುತ್ತವೆ. ಅಲ್ಲಿ ಅಂಗಡಿ ತೆರೆದು ಮಾರಾಟಕ್ಕೆ ನಿಲ್ಲುವುದು, ಅಲ್ಲಿನ ಕಂಪನಿಯಿಂದ ಸಂಬಳ ಪಡೆಯುವುದು ಬರುವುದಿಲ್ಲ.

ಫಿಟ್ಟರ್ ವಿಚಾರದಲ್ಲಿ ನಿಮ್ಮ ಮಾರಾಟ ಒಪ್ಪಂದವೇ ಕೀಲಿ. ಯಂತ್ರವನ್ನು ಅಮೆರಿಕದ ಹೊರಗಿನ ಕಂಪನಿಯಿಂದ ಕೊಂಡಿರಬೇಕು; ಕೂರಿಸಿಕೊಡುವ ಅಥವಾ ಸರ್ವಿಸ್ ಮಾಡುವ ಹೊಣೆ ಮಾರಿದವರದ್ದು ಎಂದು ಒಪ್ಪಂದದಲ್ಲೇ ಬರೆದಿರಬೇಕು; ಹೋಗುವವರಿಗೆ ಆ ಯಂತ್ರದ ವಿಶೇಷ ತಿಳಿವಳಿಕೆ ಇರಬೇಕು; ಸಂಬಳ ಭಾರತದಿಂದಲೇ ಸಲ್ಲಬೇಕು. ಒಪ್ಪಂದದಲ್ಲಿ ಆ ಸಾಲು ಇಲ್ಲದಿದ್ದರೆ ಆ ಪ್ರಯಾಣ ಅಲ್ಲಿ ಹೋಗಿ ಕೂಲಿಗೆ ದುಡಿದಂತೆ ಕಾಣುತ್ತದೆ. ಯಂತ್ರಕ್ಕಾಗಿ ಅಡಿಪಾಯ ಹಾಕುವ, ಶೆಡ್ ಕಟ್ಟುವ ಕೆಲಸವನ್ನು ಕೈಯಾರೆ ಮಾಡುವಂತಿಲ್ಲ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಪತ್ರ ಕೊಡಿ: ಏನು ಕೆಲಸ, ಎಲ್ಲಿ, ಎಷ್ಟು ದಿನ, ಸಂಬಳ ಯಾರು ಕೊಡುತ್ತಾರೆ. ಜೊತೆಗೆ ಒಪ್ಪಂದದ ಆ ಪುಟದ ನಕಲು.

ಅರ್ಜಿಯಲ್ಲಿ ಸಾಮಾನ್ಯವಾಗಿ ಬಿ1/ಬಿ2 ಎರಡೂ ಸೇರಿದ ಆಯ್ಕೆಯನ್ನೇ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ನಾಲ್ಕು ದಿನ ಸುತ್ತಾಡುವುದಕ್ಕೂ ಆಯಿತು.

ಪ್ರಶ್ನೆ: ಹತ್ತು ವರ್ಷದ ವೀಸಾ ಸಿಕ್ಕಿದೆ. ವರ್ಷಗಟ್ಟಲೆ ಮಗನ ಬಳಿ ಇರಬಹುದಲ್ಲವೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಇಲ್ಲ ಸರ್. ವೀಸಾದ ಮೇಲಿನ ಹತ್ತು ವರ್ಷ ಅಂದರೆ ಅಷ್ಟು ಕಾಲ ಅಲ್ಲಿನ ವಿಮಾನ ನಿಲ್ದಾಣಕ್ಕೆ ಹೋಗಿ ಒಳಗೆ ಬಿಡಿ ಎಂದು ಕೇಳಬಹುದು, ಅಷ್ಟೇ. ಎಷ್ಟು ದಿನ ಇರಬಹುದು ಎಂದು ತೀರ್ಮಾನಿಸುವವರು ಅಲ್ಲಿ ಇಳಿದಾಗ ಸಿಗುವ ಅಧಿಕಾರಿ. ಬಿ2ಗೆ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆ ದಿನಾಂಕ ಐ-94 ಎಂಬ ಆನ್‌ಲೈನ್ ದಾಖಲೆಯಲ್ಲಿರುತ್ತದೆ. ಇಳಿದ ಮೇಲೆ ಮಗನ ಕೈಲಿ ಅದನ್ನು ತೆಗೆಸಿ ನೋಡಿ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಮೊದಲೇ ಮುಗಿಯುತ್ತಿದ್ದರೆ ಐ-94 ದಿನಾಂಕವನ್ನೂ ಅಲ್ಲಿಗೇ ಮೊಟಕು ಮಾಡುವುದುಂಟು. ಆರು ತಿಂಗಳು ಇದ್ದೇ ಇದೆ ಎಂದುಕೊಂಡು ನೋಡದೇ ಇರುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಹೆಚ್ಚು ದಿನ ಇರಲೇಬೇಕಾದ ಕಾರಣ ಬಂದರೆ ಅವಧಿ ವಿಸ್ತರಣೆ ಕೋರುವ ಐ-539 ಅರ್ಜಿಯನ್ನು ಐ-94 ಮುಗಿಯುವುದಕ್ಕೆ 45 ದಿನ ಮುಂಚೆಯೇ ಹಾಕುವುದು ಒಳ್ಳೆಯದು. ಕೇಳದೆ ಒಂದು ದಿನ ಹೆಚ್ಚು ಉಳಿದರೂ ಆ ವೀಸಾ ರದ್ದಾದಂತೆ. 180 ದಿನ ಮೀರಿ ಅಕ್ರಮವಾಗಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚಾದರೆ ಹತ್ತು ವರ್ಷ ಪ್ರವೇಶ ನಿಷೇಧ. ಆರು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ, ಮತ್ತೆ ಆರು ತಿಂಗಳು ಅಲ್ಲಿ ಎಂಬ ಲೆಕ್ಕವೂ ನಡೆಯದು. ಹಾಗೆ ಮಾಡುವವರನ್ನು ವಿಮಾನ ನಿಲ್ದಾಣದಿಂದಲೇ ವಾಪಸು ಕಳಿಸಬಹುದು.

ಪ್ರಶ್ನೆ: ಸಂದರ್ಶನದಲ್ಲಿ ‘221(ಜಿ)’ ಚೀಟಿ ಕೊಟ್ಟು, ಇನ್ನೂ ಕೆಲವು ವಿವರ ಬೇಕು ಎಂದರು. ವೆಬ್‌ಸೈಟಿನಲ್ಲಿ ನೋಡಿದರೆ ‘ರೆಫ್ಯೂಸ್ಡ್’ ಎಂದಿದೆ. ಕೈತಪ್ಪಿತೇ?
— ಎಂಜಿನಿಯರ್, ಮಂಗಳೂರು

ಉತ್ತರ: ಇಲ್ಲ. ದಾಖಲೆ ಬಾಕಿ ಇರುವ, ಪರಿಶೀಲನೆಯಲ್ಲಿರುವ ಅರ್ಜಿಗಳಿಗೂ ಆ ಪುಟ ‘ರೆಫ್ಯೂಸ್ಡ್’ ಎಂದೇ ತೋರಿಸುತ್ತದೆ. ಚೀಟಿಯಲ್ಲಿ ಕೇಳಿರುವುದನ್ನು ಅದರಲ್ಲೇ ಹೇಳಿರುವ ರೀತಿಯಲ್ಲಿ ಕಳಿಸಿ, ಕೇಳದ್ದನ್ನು ಸೇರಿಸಬೇಡಿ. ಒಂದು ವರ್ಷದೊಳಗೆ ಕೊಡದಿದ್ದರೆ ಹೊಸದಾಗಿ ಅರ್ಜಿ, ಶುಲ್ಕ ಎಲ್ಲ ಶುರು ಮಾಡಬೇಕು.

ಚುಟುಕು ಉತ್ತರಗಳು

*ಫೋಟೊ ಅಪ್‌ಲೋಡ್ ಆಗುತ್ತಿಲ್ಲ:* ಚೌಕಾಕಾರ, 600ರಿಂದ 1200 ಪಿಕ್ಸೆಲ್, ಜೆಪೆಗ್, 240 ಕೆಬಿ ಒಳಗೆ, ಬಿಳಿ ಹಿನ್ನೆಲೆ, ಆರು ತಿಂಗಳಿಗಿಂತ ಹಳೆಯದಲ್ಲದ್ದು. ಕನ್ನಡಕ ತೆಗೆದಿರಬೇಕು. ಸ್ಟುಡಿಯೋದವರು ಮುಖ ತಿದ್ದಿ ಬೆಳ್ಳಗೆ ಮಾಡಿದ್ದರೆ ಬೇರೆ ತೆಗೆಸಿ.

*ಸಲ್ಲಿಸಿದ ಮೇಲೆ ಫಾರ್ಮಿನಲ್ಲಿ ತಪ್ಪು ಕಂಡಿತು:* ಸಲ್ಲಿಸಿದ್ದನ್ನು ತಿದ್ದಲಾಗದು. ಹಳೆಯ ಅಪ್ಲಿಕೇಶನ್ ಐಡಿ ಹಾಕಿ ಅದರ ಮಾಹಿತಿಯಿಂದಲೇ ಹೊಸ ಫಾರ್ಮು ತೆರೆದು, ಸರಿಪಡಿಸಿ ಸಲ್ಲಿಸಿ. ಆಮೇಲೆ ಬುಕಿಂಗ್ ಖಾತೆಯಲ್ಲೂ ಹೊಸ ಸಂಖ್ಯೆಗೆ ಬದಲಿಸಿ, ಸಂದರ್ಶನಕ್ಕೆ ಕೆಲವು ದಿನ ಮುಂಚೆಯೇ. ಎರಡು ಕಡೆ ಎರಡು ಸಂಖ್ಯೆಯಿದ್ದರೆ ಬಾಗಿಲಿನಿಂದಲೇ ವಾಪಸು ಕಳಿಸುವುದುಂಟು.

*ಫೇಸ್‌ಬುಕ್, ಇನ್‌ಸ್ಟಾಗ್ರಾಂ ವಿವರ ಕೊಡಬೇಕೇ?* ಐದು ವರ್ಷದಲ್ಲಿ ಬಳಸಿದ ಖಾತೆಗಳ ಹೆಸರು ಕೊಡಬೇಕು, ಪಾಸ್‌ವರ್ಡ್ ಅಲ್ಲ. ನಿಲ್ಲಿಸಿದ ಖಾತೆಯೂ ಐದು ವರ್ಷದೊಳಗಿನದಾದರೆ ಸೇರುತ್ತದೆ.

*ನವೀಕರಣಕ್ಕೂ ಸಂದರ್ಶನ ಬೇಕೇ?* 2025ರ ಸೆಪ್ಟೆಂಬರ್‌ನಿಂದ ವಿನಾಯಿತಿ ಬಹಳ ಕಡಿಮೆಯಾಗಿದೆ. ಪೂರ್ಣಾವಧಿಯ ಬಿ1/ಬಿ2 ಮುಗಿದು 12 ತಿಂಗಳೊಳಗಿದ್ದು, ಅದನ್ನು ಪಡೆದಾಗ 18 ತುಂಬಿದ್ದವರಿಗೆ ಸಿಗಬಹುದು. ಹಿರಿಯರು, ಮಕ್ಕಳು ಎಂಬ ಕಾರಣಕ್ಕೆ ಮೊದಲಿದ್ದ ವಿನಾಯಿತಿ ಈಗಿಲ್ಲ.

*ವೀಸಾ ಹಳೇ ಪಾಸ್‌ಪೋರ್ಟಿನಲ್ಲಿದೆ:* ಅವಧಿ ಇದ್ದು, ವೀಸಾ ಹರಿಯದೆ ಹಾಳಾಗದೆ ಇದ್ದರೆ ಅದು ನಡೆಯುತ್ತದೆ. ಹಳೆಯದು, ಹೊಸದು ಎರಡೂ ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ. ವೀಸಾವನ್ನು ನೀವೇ ಕಿತ್ತು ಹೊಸದಕ್ಕೆ ಅಂಟಿಸಲು ಹೋಗಬೇಡಿ.

*ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ ಏನು ನೋಡಬೇಕು?* ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಅವಧಿ, ಎಷ್ಟು ಸಲ ಹೋಗಬಹುದು ಎಂಬ ಜಾಗದಲ್ಲಿ ಇಂಗ್ಲಿಷಿನ ‘ಎಂ’ ಅಕ್ಷರ (ಮಲ್ಟಿಪಲ್, ಅಂದರೆ ಹಲವು ಸಲ). ತಪ್ಪಿದ್ದರೆ ಟಿಕೆಟ್ ಬುಕ್ ಮಾಡುವ ಮುನ್ನವೇ ಕಾನ್ಸುಲೇಟಿಗೆ ಬರೆದು ಸರಿಪಡಿಸಿಕೊಳ್ಳಿ.